ದೀರ್ಘ ಎಕ್ಸ್‌ಪೋಶರ್‌ನಲ್ಲಿ ನೆರಳು ಪೂರ್ತಿ ಖಾಲಿ: ಫಿಲ್ಮ್ ಬೆಳಕನ್ನು ಲೆಕ್ಕ ಹಿಡಿಯುವುದು ಹೇಗೆ?

ನಸುಬೆಳಕು:

ಎಲ್ಲರಿಗೂ ನಮಸ್ಕಾರ. ಕಪ್ಪು-ಬಿಳುಪು ಫಿಲ್ಮ್‌ನಲ್ಲಿ ರಾತ್ರಿ ಚಿತ್ರಗಳ ಬಗ್ಗೆ ಕೇಳಬೇಕಿತ್ತು. ಊಹೆಗೆ ಜಾಗ ಇರಬಾರದೆಂದು ವಿವರ ಪೂರ್ತಿ ಕೊಡುತ್ತೇನೆ.

ಫಿಲ್ಮ್ ಇಲ್‌ಫರ್ಡ್ ಎಚ್‌ಪಿ5 ಪ್ಲಸ್, 35 ಎಂಎಂ, ಬೆಳಕು ಅಳೆಯುವ ಮೀಟರನ್ನು ಫಿಲ್ಮ್‌ನ ವೇಗವಾದ 400ಕ್ಕೆ ಇಟ್ಟದ್ದು. ವಿಷಯ ಬೀದಿದೀಪದ ಬೆಳಕಲ್ಲಿರುವ ಕಟ್ಟಡ. ಎಫ್/11ರಲ್ಲಿ (ಇದು ಅಪರ್ಚರ್, ಅಂದರೆ ಲೆನ್ಸ್‌ನ ಕಿಂಡಿಯ ಅಂಕಿ; ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಮೀಟರ್ ಹೇಳಿದ್ದು 30 ಸೆಕೆಂಡ್. ಒಂದು ಫ್ರೇಮ್‌ಗೆ 30, ಮುಂದಿನದಕ್ಕೆ 60 ಸೆಕೆಂಡ್ ಕೊಟ್ಟದ್ದು. ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಐಡಿ-11, 1+1 (ಅಷ್ಟೇ ನೀರು ಬೆರೆಸಿ), 20 ಡಿಗ್ರಿಯಲ್ಲಿ 13 ನಿಮಿಷ. ಅದೇ ರೋಲಿನ ಹಗಲು ಫ್ರೇಮ್‌ಗಳು ಚೆನ್ನಾಗಿವೆ.

ಬೆಳಕು ಕಪ್ಪಾಗಿ, ನೆರಳು ತಿಳಿಯಾಗಿ ಮೂಡುವ ನೆಗೆಟಿವ್ ನೋಡಿದರೆ ದೀಪಗಳು ಕಡುಕಪ್ಪು, ಗೋಡೆ ತೆಳು, ನೆರಳಿನ ಭಾಗ ಬರೀ ಪಾರದರ್ಶಕ. 60 ಸೆಕೆಂಡಿನ ಫ್ರೇಮ್‌ನಲ್ಲೂ ನೆರಳು ಹೆಚ್ಚುಕಮ್ಮಿ ಹಾಗೇ ಇದೆ. ದೀಪಗಳ ಸುತ್ತ ಒಂದು ಮಸುಕು ಬಳೆ ಕಾಣುತ್ತದೆ. ಇದರ ಜೊತೆಗೆ ರೋಲಿನ ಕೊನೆಯ ಎರಡು ಫ್ರೇಮ್‌ಗಳ ಮೇಲೆ ಹಾಲಿನಂಥ ಮಬ್ಬು.

ಎಫ್/8ರಲ್ಲಿ 1/125 ಕೊಟ್ಟರೂ ಒಂದೇ, ಎಫ್/11ರಲ್ಲಿ 1/60 ಕೊಟ್ಟರೂ ಒಂದೇ ಎಂಬ ಲೆಕ್ಕ ಹಗಲಲ್ಲಿ ಸರಿಹೋಗುತ್ತದೆ. ರಾತ್ರಿ ಮಾತ್ರ ಏಕೆ ಕೈಕೊಡುತ್ತದೆ? ಸಮಯ ಎರಡರಷ್ಟಾದರೂ ನೆರಳಿಗೆ ಏನೂ ದಕ್ಕಲಿಲ್ಲವೇಕೆ? ತಿದ್ದುಪಡಿಯ ಕೋಷ್ಟಕ ಇದೆ ಎಂದು ಗೊತ್ತು. ಆದರೆ ಫಿಲ್ಮ್‌ನೊಳಗೆ ಏನಾಗುತ್ತದೆ ಎಂಬುದು ತಿಳಿಯಬೇಕು.

---

ಬ್ರೋಮೈಡ್:

ಬಿದ್ದ ಬೆಳಕನ್ನೆಲ್ಲ ಫಿಲ್ಮ್ ಸುಮ್ಮನೆ ಕೂಡಿಟ್ಟುಕೊಳ್ಳುತ್ತದೆ ಎಂದುಕೊಂಡಿರುವವರೆಗೆ ಇದು ಬಿಡಿಸಲಾಗದ ಒಗಟೇ. ಫಿಲ್ಮ್‌ನ ಒಂದೊಂದು ಹರಳಿಗೂ ಒಂದು ಹೊಸ್ತಿಲಿದೆ, ಅದನ್ನು ದಾಟುವುದಕ್ಕೆ ಕಾಲದ ಗಡುವೂ ಇದೆ. ನಿಮ್ಮ ನೆರಳುಗಳು ಸಿಕ್ಕಿಬಿದ್ದಿರುವುದು ಆ ಗಡುವಿನಲ್ಲಿ.

ಫಿಲ್ಮ್‌ನ ಬೆಳಕು ಹಿಡಿಯುವ ಪದರವಾದ ಎಮಲ್ಷನ್ ಎಂದರೆ ಜೆಲಟಿನ್‌ನಲ್ಲಿ ಹರಡಿಕೊಂಡ ಸಿಲ್ವರ್ ಬ್ರೋಮೈಡ್ ಹರಳುಗಳು, ಅದರೊಳಗೆ ಸ್ವಲ್ಪ ಅಯೊಡೈಡ್. ಹರಳಿನ ಗಾತ್ರ ಮೈಕ್ರಾನಿನ ಒಂದು ಭಾಗದಿಂದ ಒಂದೆರಡು ಮೈಕ್ರಾನ್‌ವರೆಗೆ. ಒಂದು ಮೈಕ್ರಾನ್ ಬದಿಯ ಘನಾಕೃತಿಯ ಹರಳನ್ನು ತೆಗೆದುಕೊಂಡರೆ ಅದರಲ್ಲಿ ಸುಮಾರು 2000 ಕೋಟಿ ಬೆಳ್ಳಿ ಅಯಾನುಗಳಿರುತ್ತವೆ. ಈ ಸಂಖ್ಯೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬೆಳಕಿನ ಒಂದು ಫೋಟಾನ್ ಹರಳಿನಲ್ಲಿ ಹೀರಿಕೆಯಾದಾಗ ಒಂದು ಬ್ರೋಮೈಡ್ ಅಯಾನು ತನ್ನ ಇಲೆಕ್ಟ್ರಾನನ್ನು ಕಳೆದುಕೊಳ್ಳುತ್ತದೆ. ಬಿಡುಗಡೆಯಾದ ಆ ಇಲೆಕ್ಟ್ರಾನ್ ಹರಳಿನೊಳಗೆಲ್ಲ ಓಡಾಡಿ, ಮೇಲ್ಮೈಯಲ್ಲಿರುವ ಯಾವುದೋ ಒಂದು ದೋಷದ ಬಿಂದುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಬಿಂದುಗಳನ್ನು ಬೇಕೆಂದೇ ಹುಟ್ಟಿಸಿರುತ್ತಾರೆ. ದನದ ಚರ್ಮ, ಮೂಳೆಗಳಿಂದ ಬರುವ ಜೆಲಟಿನ್ ಕೆಲವು ಸಲ ಚುರುಕು ಎಮಲ್ಷನ್ ಕೊಡುತ್ತಿತ್ತು, ಕೆಲವು ಸಲ ಮಂದ ಎಮಲ್ಷನ್. ಇದಕ್ಕೆ ಕಾರಣ ಅದರಲ್ಲಿ ಉಳಿದುಕೊಳ್ಳುವ ಅತ್ಯಲ್ಪ ಗಂಧಕದ ಸಂಯುಕ್ತಗಳು, ಸಾಸಿವೆಯಲ್ಲಿರುವ ಜಾತಿಯವು, ಎಂದು ಕೊಡಾಕ್‌ನ ಸ್ಯಾಮ್ಯುಯೆಲ್ ಶೆಪ್ಪರ್ಡ್ 1925ರಲ್ಲಿ ತೋರಿಸಿದರು. ಆಮೇಲೆ ಗಂಧಕವನ್ನೂ, 1930ರ ದಶಕದಿಂದ ಚಿನ್ನದ ಲವಣವನ್ನೂ ಅಳತೆ ಮಾಡಿ ಸೇರಿಸುವ ಪದ್ಧತಿ ಬಂತು. ಹರಳಿನ ಮೈಮೇಲೆ ಕೂರುವ ಸಿಲ್ವರ್ ಸಲ್ಫೈಡ್ ಕಣಗಳೇ ಇಲೆಕ್ಟ್ರಾನಿಗೆ ಬಲೆ.

ಇಲೆಕ್ಟ್ರಾನ್ ಬಲೆಗೆ ಬಿದ್ದರೆ ಆ ಜಾಗಕ್ಕೆ ಋಣ ವಿದ್ಯುದಂಶ ಬರುತ್ತದೆ. ಹರಳಿನಲ್ಲಿ ಸಡಿಲವಾಗಿ ಚಲಿಸುವ ಧನ ಬೆಳ್ಳಿ ಅಯಾನೊಂದು ಅಲ್ಲಿಗೆ ಸೆಳೆಯಲ್ಪಡುತ್ತದೆ, ಎರಡೂ ಸೇರಿ ಒಂದು ಬೆಳ್ಳಿ ಪರಮಾಣು ಆಗುತ್ತದೆ. ಮೊದಲು ಇಲೆಕ್ಟ್ರಾನ್, ಹಿಂದೆಯೇ ಅಯಾನು: ಈ ಎರಡು ಹೆಜ್ಜೆಯ ವಿವರಣೆಯನ್ನು ಗರ್ನಿ ಮತ್ತು ಮಾಟ್ 1938ರಲ್ಲಿ ಕೊಟ್ಟರು.

ಈಗ ಮುಖ್ಯ ವಿಷಯ. ಒಂಟಿ ಪರಮಾಣು ನಿಲ್ಲುವಂಥದ್ದಲ್ಲ. ಸಾಮಾನ್ಯ ಉಷ್ಣತೆಯಲ್ಲಿ ಸೆಕೆಂಡುಗಳ ಲೆಕ್ಕದಲ್ಲಿ ಅದು ಇಲೆಕ್ಟ್ರಾನನ್ನು ಬಿಟ್ಟುಕೊಟ್ಟು ಮತ್ತೆ ಅಯಾನಾಗಿ ಕರಗಿಹೋಗುತ್ತದೆ. ಅಷ್ಟರೊಳಗೆ ಎರಡನೇ ಇಲೆಕ್ಟ್ರಾನ್ ಬಂದು ಎರಡು ಪರಮಾಣುಗಳ ಜೋಡಿಯಾದರೆ ಸಾಕಷ್ಟು ಗಟ್ಟಿ. ಆದರೆ ಆ ಜೋಡಿಯನ್ನು ಡೆವಲಪರ್ ಗುರುತಿಸುವುದಿಲ್ಲ. ಒಂದೇ ಜಾಗದಲ್ಲಿ ಮೂರು-ನಾಲ್ಕು ಪರಮಾಣುಗಳು ಸೇರಿದಾಗ ಹರಳು ಹೊಸ್ತಿಲು ದಾಟಿದಂತೆ. ಕಣ್ಣಿಗೆ ಕಾಣದ ಗುಪ್ತಬಿಂಬ ಎನ್ನುವುದು ಈ ಪುಟ್ಟ ಗುಂಪನ್ನೇ. ಡೆವಲಪರ್ ಆ ಗುಂಪಿನ ಮೂಲಕ ಹರಳಿಗೆ ಇಲೆಕ್ಟ್ರಾನ್ ಹರಿಸಿ ಹರಳನ್ನು ಇಡಿಯಾಗಿ ಬೆಳ್ಳಿ ಮಾಡುತ್ತದೆ. ನಾಲ್ಕು ಪರಮಾಣುಗಳ ಗುರುತಿನಿಂದ 2000 ಕೋಟಿ ಪರಮಾಣುಗಳ ಬೆಳ್ಳಿ! ಇಷ್ಟು ದೊಡ್ಡ ವರ್ಧನೆ ಇರುವುದರಿಂದಲೇ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಚಿತ್ರ ಮೂಡುತ್ತದೆ. ಹೊಸ್ತಿಲು ದಾಟದ ಹರಳು ಹಾಗೇ ಉಳಿದು, ಆಮೇಲೆ ಬಳಸುವ ಫಿಕ್ಸರ್ ದ್ರಾವಣದಲ್ಲಿ ಕರಗಿಹೋಗುತ್ತದೆ. ಅರ್ಧ ಕಪ್ಪಾದ ಹರಳು ಎಂಬುದು ಲೆಕ್ಕಕ್ಕಿಲ್ಲ. ನಾವು ಕಾಣುವ ಬೂದು ಛಾಯೆ, ಆ ಜಾಗದ ಹರಳುಗಳಲ್ಲಿ ಎಷ್ಟು ದಾಟಿದವು ಎಂಬುದರ ಎಣಿಕೆ.

ಹಗಲಿನ 1/125 ಸೆಕೆಂಡಿನಲ್ಲಿ ಫೋಟಾನುಗಳು ಒಂದರ ಬೆನ್ನಿಗೊಂದು ಬೀಳುತ್ತವೆ. ಮೊದಲ ಪರಮಾಣು ಕರಗುವ ಮುಂಚೆಯೇ ಎರಡನೆಯದು, ಮೂರನೆಯದು ಬಂದು ಕೂಡಿಕೊಳ್ಳುತ್ತವೆ. ರಾತ್ರಿಯ ನೆರಳಿನಲ್ಲಿ ಅದೇ ಹರಳಿಗೆ ಎರಡು ಫೋಟಾನುಗಳ ನಡುವೆ ಹಲವು ಸೆಕೆಂಡುಗಳ ಅಂತರ. ತಳ ಸೋರುವ ಮಡಕೆಗೆ ಹನಿಹನಿಯಾಗಿ ನೀರು ಹಾಕಿದಂತೆ: ಒಟ್ಟು ನೀರು ಅಷ್ಟೇ ಇದ್ದರೂ ಮಡಕೆ ತುಂಬುವುದಿಲ್ಲ. ಬೆಳಕು ಮತ್ತು ಸಮಯದ ಗುಣಲಬ್ಧ ಒಂದೇ ಇದ್ದರೆ ಫಲವೂ ಒಂದೇ ಎಂಬ ನಿಯಮವನ್ನು ಬುನ್ಸೆನ್ ಮತ್ತು ರೋಸ್ಕೊ 1862ರಲ್ಲಿ ಹೇಳಿದ್ದರು. ಮಂದ ನಕ್ಷತ್ರಗಳ ಫಲಕಗಳಲ್ಲಿ ಅದು ನಿಲ್ಲುವುದಿಲ್ಲವೆಂದು ಅಳೆದು, ಸಮಯಕ್ಕೆ ಒಂದು ಘಾತ ಹಾಕಿದ್ದು ಖಗೋಳಶಾಸ್ತ್ರಜ್ಞ ಕಾರ್ಲ್ ಶ್ವಾರ್ಟ್ಸ್‌ಶಿಲ್ಡ್, 1900ರ ಹೊತ್ತಿಗೆ. ರೆಸಿಪ್ರಾಸಿಟಿ ಫೇಲ್ಯೂರ್ ಎಂದು ಎಲ್ಲರೂ ಕರೆಯುವುದು ಇದನ್ನೇ.

ಡಿಜಿಟಲ್ ಸೆನ್ಸರ್ ಬರುವ ಮುಂಚೆ ಖಗೋಳ ವೀಕ್ಷಕರು ಇದಕ್ಕೆ ಕಂಡುಕೊಂಡ ಮದ್ದುಗಳೇ ಈ ವಿವರಣೆಗೆ ಒಳ್ಳೆಯ ಸಾಕ್ಷಿ. ಡ್ರೈ ಐಸ್ ಇಟ್ಟು ಫಿಲ್ಮ್ ತಣ್ಣಗೆ ಮಾಡಿದರೆ ಒಂಟಿ ಪರಮಾಣು ಹೆಚ್ಚು ಹೊತ್ತು ಬಾಳುತ್ತದೆ. ಹೈಡ್ರೋಜನ್ ಬೆರೆತ ನೈಟ್ರೋಜನ್‌ನಲ್ಲಿ ಫಿಲ್ಮ್‌ ಅನ್ನು ಬೆಚ್ಚಗಿಟ್ಟರೆ ಜೆಲಟಿನ್‌ನಲ್ಲಿರುವ ನೀರು, ಆಮ್ಲಜನಕ ಹೊರಟುಹೋಗುತ್ತವೆ, ಹರಳಿನ ಮೇಲೆ ಮೊದಲ ಒಂದೆರಡು ಪರಮಾಣುಗಳು ಮುಂಗಡವಾಗಿಯೇ ಕೂರುತ್ತವೆ.

ಇನ್ನೊಂದು ತುದಿಯಲ್ಲೂ ನಿಯಮ ತಪ್ಪುತ್ತದೆ. ಅತಿ ಪ್ರಖರವಾದ, ಅತಿ ಗಿಡ್ಡ ಮಿಂಚಿನಲ್ಲಿ ಇಲೆಕ್ಟ್ರಾನುಗಳು ಒಟ್ಟಿಗೇ ನುಗ್ಗುತ್ತವೆ, ನಿಧಾನವಾಗಿ ಸಾಗುವ ಅಯಾನುಗಳು ಅವುಗಳ ವೇಗಕ್ಕೆ ಬರಲಾರವು. ಆಗ ಬೆಳ್ಳಿ ಒಂದೇ ಕಡೆ ಕೂಡದೆ ನಾಲ್ಕಾರು ಬಿಂದುಗಳಲ್ಲಿ ಚದುರಿ, ಯಾವುದೂ ಹೊಸ್ತಿಲು ಮುಟ್ಟುವುದಿಲ್ಲ. ಎಚ್‌ಪಿ5ಗೆ 1/2ರಿಂದ 1/10,000 ಸೆಕೆಂಡಿನವರೆಗೆ ತಿದ್ದುಪಡಿ ಬೇಡ ಎಂದು ತಯಾರಕರೇ ಹೇಳುತ್ತಾರೆ, ಹಾಗಾಗಿ ಈ ತುದಿಯ ಚಿಂತೆ ನಿಮಗಿಲ್ಲ.

ಬಣ್ಣದ್ದೂ ಒಂದು ಮಾತು. ಸಿಲ್ವರ್ ಬ್ರೋಮೈಡ್ ತಾನಾಗಿ ಕಾಣುವುದು ನೀಲಿ ಮತ್ತು ಅತಿನೇರಳೆ ಮಾತ್ರ. ಹಸಿರು, ಕೆಂಪು ಕಾಣಿಸಲು ಹರಳಿನ ಮೇಲೆ ಬಣ್ಣದ ದ್ರವ್ಯ ಲೇಪಿಸಬೇಕು. ಬೆಳಕು ಹೀರಿದ ದ್ರವ್ಯ ತನ್ನ ಇಲೆಕ್ಟ್ರಾನನ್ನು ಹರಳಿಗೆ ದಾಟಿಸುತ್ತದೆ. 1873ರಲ್ಲಿ ಹರ್ಮನ್ ಫೋಗೆಲ್ ಕಂಡುಕೊಂಡದ್ದು ಇದು. ಹೀಗೆ ಹಸಿರು, ಕೆಂಪನ್ನೂ ಕಾಣುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್ ಕೂಡ ಸುಮಾರು 650 ನ್ಯಾನೊಮೀಟರ್ ಆಚೆಯ ಗಾಢ ಕೆಂಪಿಗೆ ಕುರುಡು. ತಂತಿ ಬಲ್ಬಿನ ಬೆಳಕಿನಲ್ಲಿ ನೀಲಿ ಕಡಿಮೆ, ಗಾಢ ಕೆಂಪು ಜಾಸ್ತಿ ಇರುವುದರಿಂದ ಮೀಟರ್ ನೋಡಿದ ಬೆಳಕಿನಲ್ಲಿ ಒಂದು ಪಾಲು ಫಿಲ್ಮ್‌ಗೆ ತಲುಪುವುದೇ ಇಲ್ಲ.

---

ಕೆಂಪುದೀಪ:

ಬ್ರೋಮೈಡ್ ಅವರು ಒಳಗಿನದನ್ನು ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ನಾನು ಕ್ಯಾಮೆರಾ ಮತ್ತು ಟ್ಯಾಂಕಿನ ಕಡೆಯಿಂದ ಹೇಳುತ್ತೇನೆ.

ಮೊದಲು ದೋಷ ಎಕ್ಸ್‌ಪೋಶರ್‌ನದೋ ಡೆವಲಪ್‌ನದೋ ತೀರ್ಮಾನ ಆಗಲಿ. ಫಿಲ್ಮ್‌ನ ಅಂಚಿನ ಹೆಸರು, ಫ್ರೇಮ್ ಸಂಖ್ಯೆ ನೋಡಿ. ಅವನ್ನು ಕಾರ್ಖಾನೆಯಲ್ಲೇ ಬೆಳಕು ಕೊಟ್ಟು ಮೂಡಿಸಿರುತ್ತಾರೆ, ನಿಮ್ಮ ಷಟರ್‌ಗೂ ಅದಕ್ಕೂ ಸಂಬಂಧವಿಲ್ಲ. ಅಕ್ಷರ ಕಪ್ಪಾಗಿ ಚೂಪಾಗಿ ಇದ್ದರೆ ಡೆವಲಪ್ ಸರಿಯಾಗಿದೆ. ಅಕ್ಷರವೂ ಬೂದಾಗಿದ್ದರೆ ಡೆವಲಪರ್ ಹಳತು, ತಣ್ಣಗಿತ್ತು, ಇಲ್ಲವೇ ಸಮಯ ಸಾಲಲಿಲ್ಲ. ನಿಮ್ಮ ಹಗಲು ಫ್ರೇಮ್‌ಗಳು ಸರಿ ಇವೆ ಎಂದ ಮೇಲೆ ಸಂಶಯವೇ ಇಲ್ಲ, ಕಡಿಮೆಯಾದದ್ದು ಬೆಳಕು.

ಇಲ್‌ಫರ್ಡ್ ತನ್ನ ಒಂದೊಂದು ಫಿಲ್ಮ್‌ಗೂ ಒಂದು ಘಾತ ಕೊಟ್ಟಿದೆ. ಎಚ್‌ಪಿ5 ಪ್ಲಸ್‌ಗೆ 1.31, ಎಫ್‌ಪಿ4 ಪ್ಲಸ್‌ಗೆ 1.26, ಡೆಲ್ಟಾ 400ಕ್ಕೆ 1.41. ಮೀಟರ್ ಹೇಳಿದ ಸೆಕೆಂಡನ್ನು ಆ ಘಾತಕ್ಕೆ ಏರಿಸಿದರೆ ಕೊಡಬೇಕಾದ ಸಮಯ ಸಿಗುತ್ತದೆ. ಫೋನಿನ ಕ್ಯಾಲ್ಕುಲೇಟರ್ ಅಡ್ಡ ಹಿಡಿದರೆ ಘಾತದ ಗುಂಡಿ ಸಾಮಾನ್ಯವಾಗಿ ಇರುತ್ತದೆ. ಎಚ್‌ಪಿ5ಗೆ ಲೆಕ್ಕ ಹೀಗೆ ಬರುತ್ತದೆ: ಮೀಟರ್ 2 ಅಂದರೆ 2.5 ಸೆಕೆಂಡ್, 5 ಅಂದರೆ 8, 10 ಅಂದರೆ 20, 30 ಅಂದರೆ 86, 60 ಅಂದರೆ ಮೂರೂವರೆ ನಿಮಿಷ, 120 ಅಂದರೆ ಹತ್ತಿರ ಹತ್ತಿರ 9 ನಿಮಿಷ.

ಅದೇ ಲೆಕ್ಕವನ್ನು ತಿರುಗಿಸಿ ಹಾಕಿ. ನೀವು ಕೊಟ್ಟ 30 ಸೆಕೆಂಡ್ ಫಿಲ್ಮ್‌ಗೆ ದಕ್ಕಿದ್ದು 13 ಸೆಕೆಂಡಿನಷ್ಟು ಮಾತ್ರ. 60 ಸೆಕೆಂಡ್ ಕೊಟ್ಟಾಗ 23. ಎರಡರಷ್ಟು ಸಮಯ ಕೊಟ್ಟ ಆ ಫ್ರೇಮ್ ಕೂಡ ಮೀಟರ್ ಬಯಸಿದ 30ಕ್ಕಿಂತ ಕೆಳಗೇ ಇದೆ. ನೀವು ಒಂದು ಸ್ಟಾಪ್ (ಅಂದರೆ ಎರಡರಷ್ಟು ಬೆಳಕು) ಹೆಚ್ಚು ಕೊಟ್ಟೆ ಎಂದುಕೊಂಡಿದ್ದೀರಿ. ನಿಜದಲ್ಲಿ ಸುಮಾರು 0.4 ಸ್ಟಾಪ್ ಕೊರತೆ.

ಹಾಗಾಗಿ ರಾತ್ರಿ ಚಿತ್ರಕ್ಕೆ ಅಪರ್ಚರ್ ಮುಚ್ಚುವುದು ಬಹಳ ದುಬಾರಿ. ನಿಮ್ಮದೇ ದೃಶ್ಯವನ್ನು ಎಫ್/5.6ಕ್ಕೆ ತೆರೆದರೆ ಮೀಟರ್ 7.5 ಸೆಕೆಂಡ್ ಹೇಳುತ್ತದೆ, ತಿದ್ದಿದ ಮೇಲೆ 14. ಎಫ್/11ರಲ್ಲಿ 86. ಎರಡು ಸ್ಟಾಪ್ ಮುಚ್ಚಿದ್ದಕ್ಕೆ ನಾಲ್ಕು ಪಟ್ಟಲ್ಲ, ಆರು ಪಟ್ಟು ಸಮಯ. ಹತ್ತಿರದ್ದು, ದೂರದ್ದು ಎರಡೂ ಚೂಪಾಗಿ ಬರುವ ಆಳ ಬೇಕೇ ಬೇಕೆಂದಿಲ್ಲದಿದ್ದರೆ ಎಫ್/5.6ರಲ್ಲಿ ಉಳಿಯಿರಿ. ಬ್ರ್ಯಾಕೆಟ್ (ಒಂದೇ ದೃಶ್ಯವನ್ನು ಬೇರೆ ಬೇರೆ ಸಮಯ ಕೊಟ್ಟು ತೆಗೆಯುವುದು) ಮಾಡುವುದಾದರೆ ತಿದ್ದಿದ ಸಮಯದಿಂದ ಶುರುಮಾಡಿ ಎರಡರಷ್ಟಕ್ಕೆ ಹೋಗಿ: 14, ಆಮೇಲೆ 28. ಮೂರನೇ ಒಂದು ಸ್ಟಾಪ್ ಹೆಜ್ಜೆ ಇಲ್ಲಿ ಫಿಲ್ಮ್ ದಂಡ ಅಷ್ಟೇ.

ಸಮಯ ತಿದ್ದಿದ ಕೂಡಲೇ ಇನ್ನೊಂದು ತೊಂದರೆ ಎದುರಾಗುತ್ತದೆ. ದೀಪ ಮತ್ತು ದೀಪದ ಹತ್ತಿರದ ಗೋಡೆಗೆ ಬೆಳಕು ಜೋರಾಗಿಯೇ ಬಿದ್ದಿರುತ್ತದೆ, ಅಲ್ಲಿ ಫಿಲ್ಮ್ ಹೆಚ್ಚೇನೂ ಸೋತಿರುವುದಿಲ್ಲ. ನೆರಳಿಗೆಂದು ಕೊಟ್ಟ ಹೆಚ್ಚುವರಿ ಸಮಯ ಅವಕ್ಕೂ ಸೇರಿ ಕಾಂಟ್ರಾಸ್ಟ್ ಏರುತ್ತದೆ. ಅದನ್ನು ಡೆವಲಪ್ ಕಡಿಮೆ ಮಾಡಿ ಇಳಿಸಬೇಕು. ಕೊಡಾಕ್ ತನ್ನ ಟ್ರೈ-ಎಕ್ಸ್‌ಗೆ ಕೊಟ್ಟಿರುವ ಕೋಷ್ಟಕದಲ್ಲಿ ಎರಡೂ ಇವೆ: 1 ಸೆಕೆಂಡಿಗೆ 2 ಸೆಕೆಂಡ್ ಕೊಟ್ಟು ಡೆವಲಪ್ ಶೇ. 10 ಕಡಿಮೆ, 10ಕ್ಕೆ 50 ಕೊಟ್ಟು ಶೇ. 20 ಕಡಿಮೆ, 100ಕ್ಕೆ 1200 ಕೊಟ್ಟು ಶೇ. 30 ಕಡಿಮೆ. ನಿಮ್ಮ 13 ನಿಮಿಷವನ್ನು 11ಕ್ಕೆ ಇಳಿಸಿ ನೋಡಿ. ಆದರೆ ಅದೇ ರೋಲಿನಲ್ಲಿ ಹಗಲು ಫ್ರೇಮ್ ಇದ್ದರೆ ಅವು ಸಪ್ಪೆಯಾಗುತ್ತವೆ. ರಾತ್ರಿಗೆ ಪ್ರತ್ಯೇಕ ರೋಲ್ ಇಡುವುದೇ ಸರಿ.

ಒಂದು ಫಿಲ್ಮ್‌ನ ಘಾತವನ್ನು ಇನ್ನೊಂದಕ್ಕೆ ಹಾಕಬೇಡಿ. ಟಿ-ಮ್ಯಾಕ್ಸ್ 100ಕ್ಕೆ 10 ಸೆಕೆಂಡ್ ಇದ್ದಲ್ಲಿ 15 ಕೊಟ್ಟರೆ ಸಾಕು, 100 ಇದ್ದಲ್ಲಿ 200. ಫ್ಯೂಜಿ ಆಕ್ರೊಸ್‌ಗೆ 120 ಸೆಕೆಂಡಿನವರೆಗೆ ತಿದ್ದುಪಡಿಯೇ ಬೇಡ. ನಿಮಿಷಗಟ್ಟಲೆ ತೆರೆದಿಡುವ ಕೆಲಸಕ್ಕೆ 100ರ ಆಕ್ರೊಸ್ 400ರ ಟ್ರೈ-ಎಕ್ಸ್‌ಗಿಂತ ಬೇಗ ಮುಗಿಸುತ್ತದೆ. ಡಬ್ಬಿಯ ಮೇಲಿನ ಅಂಕಿ ನೋಡಿ ರಾತ್ರಿ ಫಿಲ್ಮ್ ಆರಿಸಿದರೆ ಮೋಸಹೋಗುವುದು ಖಂಡಿತ.

ದೀಪದ ಸುತ್ತಲ ಬಳೆ ಹಾಲೇಶನ್. ಎಮಲ್ಷನ್ ದಾಟಿ ಒಳಗೆ ಹೋದ ಬೆಳಕು ಬೇಸ್‌ನ (ಎಮಲ್ಷನ್ ಹೊತ್ತಿರುವ ಪಾರದರ್ಶಕ ಪಟ್ಟಿ) ಹಿಂಬದಿಗೆ ಓರೆಯಾಗಿ ಬಡಿದು ಪೂರ್ಣ ಪ್ರತಿಫಲನವಾಗಿ ಮರಳಿ ಎಮಲ್ಷನ್‌ಗೆ ಬರುತ್ತದೆ. ಪೂರ್ಣ ಪ್ರತಿಫಲನ ಶುರುವಾಗುವ ಕೋನ ಸುಮಾರು 42 ಡಿಗ್ರಿ, ಬೇಸ್‌ನ ದಪ್ಪ 0.125 ಎಂಎಂ. ಹಾಗಾಗಿ ದೀಪದ ಬಿಂದುವಿನಿಂದ ಸುಮಾರು 0.23 ಎಂಎಂ ದೂರದಲ್ಲಿ ಬಳೆ ಶುರುವಾಗಬೇಕು. ಲೂಪ್ (ಭೂತಗನ್ನಡಿ) ಇಟ್ಟು ನೋಡಿದರೆ ದೀಪಕ್ಕೂ ಬಳೆಗೂ ನಡುವೆ ತುಸು ತೆಳುವಾದ ಜಾಗ ಕಾಣುತ್ತದೆ. ಇದನ್ನು ತಡೆಯಲೆಂದೇ ಬೇಸ್‌ಗೆ ಬೂದು ಛಾಯೆ, ಹಿಂಬದಿಗೆ ಬಣ್ಣದ ಪದರ ಇರುತ್ತದೆ. ದೀಪವೇ ಚೌಕಟ್ಟಿನೊಳಗಿದ್ದರೆ ಅಷ್ಟೂ ಬೆಳಕನ್ನು ಅದು ನುಂಗಲಾರದು. ದೀಪವನ್ನು ಕಂಬದ ಹಿಂದೆಯೋ ಮರದ ಹಿಂದೆಯೋ ಮರೆಮಾಡಿ ನಿಲ್ಲುವುದೇ ಉಪಾಯ.

---

ನಸುಬೆಳಕು:

ಇಬ್ಬರಿಗೂ ಧನ್ಯವಾದ. ಅಂಚಿನ ಅಕ್ಷರ ಚೆನ್ನಾಗಿ ಕಪ್ಪಾಗಿವೆ, ಬಳೆ ನೀವು ಹೇಳಿದಷ್ಟೇ ದೂರದಲ್ಲಿದೆ.

ಇನ್ನೂ ಎರಡು ಸಂದೇಹ. ದಕ್ಕಿದ್ದು 13ರಿಂದ 23ಕ್ಕೆ ಏರಿತು ಎಂದರೂ ಅದು ಮುಕ್ಕಾಲು ಸ್ಟಾಪ್ ಆಯಿತಲ್ಲ; ಗೋಡೆಯಲ್ಲಿ ವ್ಯತ್ಯಾಸ ಕಾಣುತ್ತದೆ, ನೆರಳಲ್ಲಿ ಮಾತ್ರ ಕಾಣುವುದಿಲ್ಲ ಏಕೆ? ಮತ್ತೆ, 400ರ ಫಿಲ್ಮ್ ಅನ್ನು 1600ಕ್ಕೆ ಪುಶ್ ಮಾಡುತ್ತಾರಲ್ಲ, ಹಾಗೆ ಹೆಚ್ಚು ಹೊತ್ತು ಡೆವಲಪ್ ಮಾಡಿದ್ದರೆ ನೆರಳು ಎದ್ದುಬರುತ್ತಿತ್ತೇ? ಬಣ್ಣದ ಫಿಲ್ಮ್‌ಗೂ ಇದೇ ಲೆಕ್ಕವೇ ಎಂಬುದನ್ನೂ ಯಾರಾದರೂ ಹೇಳಿದರೆ ಉಪಕಾರ.

---

ಗಾಮಾ:

ಎರಡು ಸಂದೇಹಕ್ಕೂ ಉತ್ತರ ಒಂದೇ ರೇಖೆಯಲ್ಲಿದೆ. ಬೆಳಕಿನ ಲಾಗರಿದಮ್ ಅಡ್ಡಕ್ಕೆ, ನೆಗೆಟಿವ್‌ನ ಡೆನ್ಸಿಟಿ (ಕಪ್ಪಿನ ಅಳತೆ) ಉದ್ದಕ್ಕೆ ಇಟ್ಟು ಹರ್ಟರ್ ಮತ್ತು ಡ್ರಿಫೀಲ್ಡ್ 1890ರಲ್ಲಿ ಎಳೆದ ರೇಖೆ. ಡೆನ್ಸಿಟಿ 0.3 ಎಂದರೆ ಅರ್ಧ ಬೆಳಕು ದಾಟುತ್ತದೆ, 1 ಎಂದರೆ ಹತ್ತನೇ ಒಂದು ಭಾಗ, 2 ಎಂದರೆ ನೂರನೇ ಒಂದು. ಒಂದು ಸ್ಟಾಪ್ ಎಂದರೆ ಅಡ್ಡ ಅಕ್ಷದಲ್ಲಿ 0.3.

ರೇಖೆಯ ಆರಂಭ ಸಮತಟ್ಟು. ಅಲ್ಲಿ ಬೇಸ್‌ನ ಬೂದು ಮತ್ತು ಬೆಳಕೇ ಬೀಳದೆ ಡೆವಲಪ್ ಆದ ಅಲ್ಪಸ್ವಲ್ಪ ಹರಳುಗಳ ಮಂಜು ಬಿಟ್ಟರೆ ಬೇರೇನಿಲ್ಲ. ಅಲ್ಲಿಂದ ನಿಧಾನವಾಗಿ ಬಾಗಿ ಮೇಲೇಳುವ ಭಾಗಕ್ಕೆ ಪಾದ ಎನ್ನೋಣ. ಆಮೇಲೆ ನೇರ ಭಾಗ, ತುದಿಯಲ್ಲಿ ಮತ್ತೆ ಬಾಗುವ ಭುಜ. ಪಾದ ಹುಟ್ಟುವುದೇ ಬ್ರೋಮೈಡ್ ಅವರು ಹೇಳಿದ ಹೊಸ್ತಿಲಿನಿಂದ. ಅಲ್ಲಿನ ಹರಳುಗಳಲ್ಲಿ ಬಹುಪಾಲು ಒಂದೆರಡು ಪರಮಾಣುಗಳಲ್ಲೇ ನಿಂತಿವೆ. ದೊಡ್ಡ, ಚುರುಕು ಹರಳುಗಳಷ್ಟೇ ದಾಟಿವೆ.

ನೇರ ಭಾಗದ ಇಳಿಜಾರು ಸಾಮಾನ್ಯ ಡೆವಲಪ್‌ನಲ್ಲಿ ಸುಮಾರು 0.6. ನಿಮ್ಮ ಮುಕ್ಕಾಲು ಸ್ಟಾಪ್ ಎಂದರೆ 0.23, ಗೋಡೆಯಲ್ಲಿ ಅದು 0.14 ಡೆನ್ಸಿಟಿ ಕೂಡಿಸುತ್ತದೆ, ಕಣ್ಣಿಗೆ ಕಾಣುತ್ತದೆ. ಪಾದದ ಕೆಳಗೆ ಇಳಿಜಾರು 0.1 ಇದ್ದರೆ ಸಿಗುವುದು 0.02. ಅದು ಕಣ್ಣಿಗೆ ಕಾಣದು, ಕಾಗದಕ್ಕೂ ಇಳಿಯದು. ಜೊತೆಗೆ ನೆರಳಿನ ಬೆಳಕು ಇನ್ನೂ ಮಂದವಾದ್ದರಿಂದ ಅಲ್ಲಿ ಸೋರಿಕೆಯೂ ಹೆಚ್ಚು. ಘಾತದ ಸೂತ್ರ ಇಡೀ ದೃಶ್ಯಕ್ಕೆ ಒಂದೇ ಸಮಯ ಕೊಡುತ್ತದೆಯೇ ಹೊರತು ನೆರಳಿನ ಪಾಡು ಬೇರೆ ಎಂಬುದನ್ನು ನೋಡುವುದಿಲ್ಲ. ಮುಖ್ಯವಾದ ವಿವರ ನೆರಳಲ್ಲೇ ಇದ್ದರೆ ಸೂತ್ರಕ್ಕಿಂತ ಅರ್ಧದಿಂದ ಒಂದು ಸ್ಟಾಪ್ ಧಾರಾಳವಾಗಿ ಕೊಡಿ.

ಫಿಲ್ಮ್‌ನ ವೇಗ ಹೇಳುವ ಐಎಸ್‌ಒ ಅಂಕಿಯನ್ನು ಅಳೆಯುವುದೂ ಇದೇ ಪಾದದ ಮೇಲೆ. ಬೇಸ್ ಮತ್ತು ಮಂಜಿಗಿಂತ 0.10 ಹೆಚ್ಚು ಡೆನ್ಸಿಟಿ ಮೂಡಿಸಲು ಎಷ್ಟು ಲಕ್ಸ್-ಸೆಕೆಂಡ್ (ಬಿದ್ದ ಬೆಳಕಿನ ಅಳತೆ) ಬೇಕೆಂದು ನೋಡಿ, 0.8ನ್ನು ಅದರಿಂದ ಭಾಗಿಸುತ್ತಾರೆ. 400 ಬರಬೇಕಾದರೆ 0.002 ಲಕ್ಸ್-ಸೆಕೆಂಡ್. ಡೆವಲಪ್ ಎಷ್ಟಿರಬೇಕೆಂಬುದೂ ಕಟ್ಟುಪಾಡು: ಆ ಬಿಂದುವಿನಿಂದ 20 ಪಟ್ಟು ಬೆಳಕಿಗೆ ಡೆನ್ಸಿಟಿ 0.80 ಏರಬೇಕು. ಅಂದರೆ ಕಪ್ಪು-ಬಿಳುಪು ಫಿಲ್ಮ್‌ನ ವೇಗ ಎಂದರೆ ನೆರಳಿನ ವೇಗ. ಗಮನಿಸಿ, ಈ ಅಳತೆಯನ್ನು ಸೆಕೆಂಡಿನ ಸಣ್ಣ ಭಾಗದ ಬೆಳಕಿನಲ್ಲಿ ಮಾಡುತ್ತಾರೆ. ನಿಮಿಷಗಳ ರಾತ್ರಿಗೆ ಆ 400 ಯಾವ ಭರವಸೆಯನ್ನೂ ಕೊಡುವುದಿಲ್ಲ.

ಈಗ ಪುಶ್. ಡೆವಲಪ್ ಹೆಚ್ಚಿಸಿದರೆ ನೇರ ಭಾಗದ ಇಳಿಜಾರು ಕಡಿದಾಗುತ್ತದೆ, ಪಾದ ಇದ್ದಲ್ಲೇ ಇರುತ್ತದೆ. ಐಡಿ-11 ನೇರ ದ್ರಾವಣದಲ್ಲಿ ಎಚ್‌ಪಿ5ಗೆ 400ಕ್ಕೆ ಏಳೂವರೆ ನಿಮಿಷ, 800ಕ್ಕೆ ಹತ್ತೂವರೆ, 1600ಕ್ಕೆ 14. ಈ ಹೆಚ್ಚುವರಿ ನಿಮಿಷಗಳು ಮಧ್ಯದ ಛಾಯೆಗಳನ್ನು ಮೇಲೆತ್ತಿ ಪ್ರಿಂಟ್ ಮಾಡುವಂತೆ ಮಾಡುತ್ತವೆ. ಖಾಲಿ ನೆರಳಿಗೆ ಅವು ಏನನ್ನೂ ತಂದುಕೊಡುವುದಿಲ್ಲ. ಪೂರ್ತಿ ಸೊನ್ನೆ ಎಂದೂ ಹೇಳಲಾರೆ: ಎರಡು-ಮೂರು ಪರಮಾಣುಗಳಲ್ಲಿ ನಿಂತ ಕೆಲವು ಹರಳುಗಳು ಹೆಚ್ಚು ಸಮಯದಲ್ಲಿ ದಾಟುತ್ತವೆ, ಅಲ್ಪಸ್ವಲ್ಪ ವೇಗ ಸಿಗಬಹುದು. ಆದರೆ ಬೆಳಕೇ ಕಾಣದ ಹರಳುಗಳೂ ಅವುಗಳ ಜೊತೆ ಕಪ್ಪಾಗಿ ಮಂಜು ಏರುತ್ತದೆ. ನಿಮ್ಮ ದೃಶ್ಯದಲ್ಲಿ ದೀಪಗಳು ಈಗಾಗಲೇ ಕಡುಕಪ್ಪು. ಪುಶ್ ಮಾಡಿದ್ದರೆ ಗೋಡೆಯೂ ಅವುಗಳ ದಾರಿ ಹಿಡಿಯುತ್ತಿತ್ತು.

ನೆರಳಿಗೆ ನಿಜವಾಗಿ ನೆರವಾಗುವುದು ಪ್ರೀ-ಎಕ್ಸ್‌ಪೋಶರ್. ಹೊಸ್ತಿಲಿನ ಕೆಳಗೆ ನಿಂತ ಹರಳುಗಳಿಗೆ ಮೊದಲೇ ಒಂದೆರಡು ಗಟ್ಟಿ ಪರಮಾಣು ಕೊಟ್ಟಿಡುವುದು. ಬಹು-ಎಕ್ಸ್‌ಪೋಶರ್ ಸೌಲಭ್ಯವಿರುವ ಕ್ಯಾಮೆರಾದಲ್ಲಿ, ಸಮನಾಗಿ ಬೆಳಗಿದ ಬೂದು ಕಾರ್ಡನ್ನು ಚೌಕಟ್ಟಿನ ತುಂಬ ಹಿಡಿದು, ಲೆನ್ಸ್ ಅನಂತಕ್ಕೆ ತಿರುಗಿಸಿ ಕಾರ್ಡ್ ಮಸುಕಾಗುವಂತೆ ಮಾಡಿ, ಮೀಟರ್ ಹೇಳಿದ್ದಕ್ಕಿಂತ ಮೂರು ಸ್ಟಾಪ್ ಕಡಿಮೆ ಕೊಡಿ. ಷಟರ್ ವೇಗ 1/30ಕ್ಕಿಂತ ನಿಧಾನ ಬೇಡ. ಆಮೇಲೆ ಅದೇ ಫ್ರೇಮ್ ಮೇಲೆ ದೃಶ್ಯ ತೆಗೆಯಿರಿ. ಮೂರಕ್ಕಿಂತ ಹೆಚ್ಚು ಕೊಟ್ಟರೆ ನೆರಳು ಬೂದುಬೂದಾಗಿ ಕಪ್ಪೆಂಬುದೇ ಉಳಿಯುವುದಿಲ್ಲ.

---

ಮೂರುಪದರ:

ಬಣ್ಣದ ಫಿಲ್ಮ್‌ಗೂ ಬುನಾದಿ ಅದೇ ಸಿಲ್ವರ್ ಹರಳು, ಅದೇ ಹೊಸ್ತಿಲು. ಆದರೆ ಪದರ ಮೂರು. ಮೇಲೆ ನೀಲಿಯ ಪದರ, ಅದರ ಕೆಳಗೆ ಉಳಿದ ನೀಲಿಯನ್ನು ತಡೆಯುವ ಹಳದಿ ಫಿಲ್ಟರ್, ಆಮೇಲೆ ಹಸಿರಿನದು, ಕೆಂಪಿನದು. ಡೆವಲಪರ್ ಬೆಳ್ಳಿ ಮಾಡುವಾಗ ತಾನು ಉತ್ಕರ್ಷಣಗೊಂಡು, ಪದರದಲ್ಲಿರುವ ಕಪ್ಲರ್ ಎಂಬ ರಾಸಾಯನಿಕದ ಜೊತೆ ಸೇರಿ ಹಳದಿ, ಮೆಜೆಂಟಾ, ಸಯಾನ್ ಬಣ್ಣ ಕಟ್ಟುತ್ತದೆ. ಕೊನೆಗೆ ಬ್ಲೀಚ್ ಮತ್ತು ಫಿಕ್ಸರ್ ಬೆಳ್ಳಿಯನ್ನೆಲ್ಲ ತೆಗೆದುಹಾಕಿ ಬಣ್ಣವಷ್ಟೇ ಉಳಿಯುತ್ತದೆ.

ದೀರ್ಘ ಎಕ್ಸ್‌ಪೋಶರ್‌ನಲ್ಲಿ ಮೂರೂ ಪದರ ಒಂದೇ ಪ್ರಮಾಣದಲ್ಲಿ ಸೋಲುವುದಿಲ್ಲ. ಆದ್ದರಿಂದ ಚಿತ್ರ ಕಪ್ಪಾಗುವುದರ ಜೊತೆ ಬಣ್ಣವೂ ವಾಲುತ್ತದೆ. ನೆರಳು ಒಂದು ಬಣ್ಣಕ್ಕೆ, ಬೆಳಕು ಇನ್ನೊಂದಕ್ಕೆ ವಾಲಿದರೆ ಯಾವ ಫಿಲ್ಟರೂ ಸರಿಪಡಿಸದು. ನೆಗೆಟಿವ್ ಫಿಲ್ಮ್ ಹೆಚ್ಚು ಬೆಳಕನ್ನು ಸಹಿಸುತ್ತದೆ, ಒಂದು-ಎರಡು ಸ್ಟಾಪ್ ಧಾರಾಳವಾಗಿ ಕೊಟ್ಟು ಮೂರೂ ಪದರವನ್ನು ಪಾದದಿಂದ ಮೇಲೆತ್ತಿ. ನೆಗೆಟಿವ್ ಬದಲು ನೇರ ಚಿತ್ರವನ್ನೇ ಕೊಡುವ ಸ್ಲೈಡ್ ಫಿಲ್ಮ್‌ನಲ್ಲಿ ಆ ಸಲಿಗೆ ಇಲ್ಲ. ವೆಲ್ವಿಯಾ 50ಕ್ಕೆ 4 ಸೆಕೆಂಡಿನಲ್ಲೇ ಮೂರನೇ ಒಂದು ಸ್ಟಾಪ್ ಹೆಚ್ಚು ಮತ್ತು 5ರ ಮೆಜೆಂಟಾ ಫಿಲ್ಟರ್ ಬೇಕು. 32 ಸೆಕೆಂಡಿಗೆ ಒಂದು ಸ್ಟಾಪ್ ಮತ್ತು 12.5ರ ಫಿಲ್ಟರ್, 64 ಸೆಕೆಂಡ್ ಬೇಡವೇ ಬೇಡ ಎನ್ನುತ್ತದೆ ಫ್ಯೂಜಿ. ಅದೇ ಕಂಪನಿಯ ಪ್ರೊವಿಯಾ 100ಎಫ್ 128 ಸೆಕೆಂಡಿನವರೆಗೆ ತಿದ್ದುಪಡಿ ಇಲ್ಲದೆ ನಿಲ್ಲುತ್ತದೆ. ರಾತ್ರಿ ಸ್ಲೈಡ್‌ಗೆ ನನ್ನ ಆಯ್ಕೆ ಅದೇ.

ಡೆವಲಪ್ ಸಮಯ ಬದಲಿಸಿ ಕಾಂಟ್ರಾಸ್ಟ್ ಇಳಿಸುವ ದಾರಿ ಇಲ್ಲಿ ಮುಚ್ಚಿದೆ. ಬಣ್ಣದ ನೆಗೆಟಿವ್‌ಗೆ ಬಳಸುವ ಸಿ-41 ಡೆವಲಪರ್ 37.8 ಡಿಗ್ರಿಯಲ್ಲಿ 3 ನಿಮಿಷ 15 ಸೆಕೆಂಡ್, ಉಷ್ಣತೆಯಲ್ಲಿ 0.15 ಡಿಗ್ರಿಗಿಂತ ಹೆಚ್ಚು ಏರುಪೇರು ಸಲ್ಲದು. ಡೆವಲಪರ್ ಮೇಲಿನ ಪದರಕ್ಕೆ ಮೊದಲು, ಕೆಳಗಿನದಕ್ಕೆ ಕೊನೆಗೆ ತಲುಪುವುದರಿಂದ ಸಮಯ ಬದಲಾದರೆ ಪದರಗಳ ಹೊಂದಾಣಿಕೆಯೇ ಕೆಡುತ್ತದೆ.

---

ಕೆಂಪುದೀಪ:

ಹಾಲಿನಂಥ ಮಬ್ಬಿನ ಪ್ರಶ್ನೆ ಬಾಕಿ ಉಳಿಯಿತು. ಅದು ಫಿಕ್ಸರ್ ಕರಗಿಸದೆ ಬಿಟ್ಟ ಸಿಲ್ವರ್ ಹರಳು, ಬೆಳಕಿಗೆ ಸಂಬಂಧವಿಲ್ಲ. ಟ್ಯಾಂಕಿನಲ್ಲಿ ದ್ರಾವಣ ಕಡಿಮೆಯಿದ್ದರೆ ಮಬ್ಬು ಇಡೀ ರೋಲಿನ ಒಂದೇ ಉದ್ದಂಚಿಗೆ ಇರುತ್ತಿತ್ತು. ಫಿಕ್ಸರ್ ಸತ್ತಿದ್ದರೆ ಎಲ್ಲ ಫ್ರೇಮ್ ಮೇಲೂ ಇರುತ್ತಿತ್ತು. ಎರಡೇ ಫ್ರೇಮ್ ಎಂದರೆ ರೀಲಿನ ಹೊರಸುತ್ತಿನಲ್ಲಿ ಫಿಲ್ಮ್ ತೋಡಿನಿಂದ ಜಾರಿ ಪಕ್ಕದ ಸುತ್ತಿಗೆ ಅಂಟಿಕೊಂಡಿರಬೇಕು. ಒದ್ದೆ ರೀಲಿಗೆ ಫಿಲ್ಮ್ ಹತ್ತಿಸಿದಾಗ ಹೀಗಾಗುವುದು ಸಾಮಾನ್ಯ. ರೀಲ್ ಪೂರ್ತಿ ಒಣಗಿರಲಿ, ಫಿಲ್ಮ್‌ನ ಎರಡು ಮೂಲೆಗಳನ್ನು ತುಸು ದುಂಡಗೆ ಕತ್ತರಿಸಿ ಹತ್ತಿಸಿ.

ಇರುವ ನೆಗೆಟಿವ್ ಉಳಿಸಬಹುದು. ಅದಕ್ಕೆ ಮೊದಲು ಫಿಕ್ಸರ್ ಪರೀಕ್ಷೆ ಮಾಡಿ. ಬೆಳಕಿನಲ್ಲೇ, ಕತ್ತರಿಸಿ ಬಿಸಾಡುವ ಫಿಲ್ಮ್ ತುದಿಯ ಮೇಲೆ ಒಂದು ಹನಿ ಫಿಕ್ಸರ್ ಬಿಟ್ಟು ಅರ್ಧ ನಿಮಿಷ ಕಾಯಿರಿ. ಆಮೇಲೆ ತುಂಡನ್ನು ಪೂರ್ತಿ ಫಿಕ್ಸರ್‌ನಲ್ಲಿ ಮುಳುಗಿಸಿ ಅಲುಗಾಡಿಸುತ್ತ ಗಡಿಯಾರ ನೋಡಿ. ಹನಿ ಬಿದ್ದಲ್ಲಿ ದುಂಡು ಗುರುತು ತಿಳಿಯಾಗಿ ಕಾಣುತ್ತದೆ, ಸುತ್ತಲಿನ ಮಬ್ಬು ನಿಧಾನಕ್ಕೆ ತೆಳುವಾಗುತ್ತದೆ. ಗುರುತು ಎಲ್ಲಿತ್ತೆಂದು ಹೇಳಲಾಗದ ಕ್ಷಣವೇ ತಿಳಿಯಾಗುವ ಸಮಯ. ಫಿಕ್ಸ್ ಮಾಡಬೇಕಾದದ್ದು ಅದರ ಕನಿಷ್ಠ ಎರಡರಷ್ಟು. ಹೊಸ ಫಿಕ್ಸರ್‌ನಲ್ಲಿ ಸಿಕ್ಕ ಸಮಯವನ್ನು ಬಾಟಲಿ ಮೇಲೆ ಬರೆದಿಡಿ, ಅದು ಎರಡು ಪಟ್ಟಾದ ದಿನ ಆ ಫಿಕ್ಸರ್ ಮುಗಿದಂತೆ.

ಮಬ್ಬಾದ ತುಂಡನ್ನು ನೀರಲ್ಲಿ ಐದು ನಿಮಿಷ ನೆನೆಸಿ, 1+4 ಹೊಸ ರ್‍ಯಾಪಿಡ್ ಫಿಕ್ಸರ್‌ನಲ್ಲಿ ಐದು ನಿಮಿಷ ಆಡಿಸಿ. ಡೆವಲಪರ್ ತಲುಪಿದ್ದ ಜಾಗದಲ್ಲಿ ಚಿತ್ರ ತಿಳಿಯಾಗಿ ಹೊರಬರುತ್ತದೆ. ಡೆವಲಪ್ ಹಂತದಲ್ಲೇ ಸುತ್ತುಗಳು ಅಂಟಿಕೊಂಡಿದ್ದ ಜಾಗ ಮಾತ್ರ ಚಿತ್ರವಿಲ್ಲದೆ ಖಾಲಿಯಾಗುತ್ತದೆ. ತೊಳೆಯಲು ಟ್ಯಾಂಕಿಗೆ 20 ಡಿಗ್ರಿ ಆಸುಪಾಸಿನ ನೀರು ತುಂಬಿ 5 ಸಲ ತಲೆಕೆಳಗು ಮಾಡಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮತ್ತೆ ತುಂಬಿ 20 ಸಲ. ನೀರಿನ ಉಷ್ಣತೆ ಒಮ್ಮೆಲೇ ಏರಿಳಿದರೆ ಜೆಲಟಿನ್ ಸುಕ್ಕುಗಟ್ಟುತ್ತದೆ, ಅದನ್ನು ಸರಿಪಡಿಸಲಾಗದು. ಮೂರೂ ಸಲದ ನೀರನ್ನು ಮೊದಲೇ ಒಂದೇ ಪಾತ್ರೆಯಲ್ಲಿ ಹಿಡಿದಿಟ್ಟುಕೊಳ್ಳಿ.